ವರುಣನನ್ನು ಬೈದದ್ದು ಸಾಕು, ಕಾರಣ ಬರೆಯೋಣ

ಏಪ್ರಿಲ್ ಬಂತೆಂದರೆ ಡೆಸ್ಕ್‌ನಿಂದ ನಮಗೆ ಬರುವ ಫೋನು ಒಂದೇ: "ಬಿಸಿಲಿನದ್ದೊಂದು ಸ್ಟೋರಿ ಕಳಿಸ್ರೀ, ಫೋಟೊ ಇರಲಿ." ಏನು ಕಳಿಸಬೇಕೆಂಬುದು ನಮಗೆ ಬಾಯಿಪಾಠ. ರಾಮನಗರದ ಐಜೂರು ವೃತ್ತದಲ್ಲಿ ಎಳನೀರು ಕುಡಿಯುವವರು, ಚನ್ನಪಟ್ಟಣದಲ್ಲಿ ರಸ್ತೆ ಬದಿಯ ಕಲ್ಲಂಗಡಿ ರಾಶಿ, ಕನಕಪುರದಲ್ಲಿ ತಲೆ ಮೇಲೆ ಸೆರಗು ಹೊದ್ದು ನಡೆಯುವ ಹೆಣ್ಣುಮಕ್ಕಳು. ತಲೆಬರಹವೂ ಸಿದ್ಧ: "ಬಿಸಿಲ ಝಳಕ್ಕೆ ಜನ ಹೈರಾಣ". ಆಗಸ್ಟ್‌ನಲ್ಲಿ ಜೋರು ಮಳೆ ಬಂದರೆ "ವರುಣನ ಆರ್ಭಟ". ಬರದಿದ್ದರೆ "ವರುಣನ ಮುನಿಸು". ಮಾವು ಕೈಕೊಟ್ಟರೆ "ಹವಾಮಾನ ವೈಪರೀತ್ಯ: ಬೆಳೆಗಾರ ಕಂಗಾಲು".

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಅರೆಕಾಲಿಕ ವರದಿಗಾರರಾಗಿ ದುಡಿಯುವ ನಾವು ಹತ್ತಾರು ವರ್ಷದಿಂದ ಇಂಥ ವರದಿ ಕಳಿಸುತ್ತಾ ಬಂದಿದ್ದೇವೆ. ನಮ್ಮ ಹಳೆಯ ಕತ್ತರಿಕೆಗಳನ್ನು ಹರಡಿಕೊಂಡು ಕೂತರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಯಾರಿಗೆ ಎಷ್ಟು ನಷ್ಟವಾಯಿತು ಎಂದು ಬರೆದಿದ್ದೇವೆ, ಶಾಸಕರು ಭೇಟಿ ಕೊಟ್ಟಿದ್ದನ್ನು ಬರೆದಿದ್ದೇವೆ, ಪರಿಹಾರ ಬಂದಿಲ್ಲವೆಂದೂ ಬರೆದಿದ್ದೇವೆ. ಯಾಕೆ ಹೀಗಾಗುತ್ತಿದೆ ಎಂದು ಬರೆದೇ ಇಲ್ಲ. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾದಾಗ ಪರ ವಿರೋಧ ಎರಡನ್ನೂ ಕಾಲಂಗಟ್ಟಲೆ ಬರೆದೆವು. ಜಿಲ್ಲೆಯ ಹವೆ ಬದಲಾಗುತ್ತಿರುವುದಕ್ಕೆ ಒಂದು ಪ್ಯಾರಾ ಕೊಡಲಿಲ್ಲ.

ಮೊದಲ ತಪ್ಪು ನಮ್ಮ ಪದದಲ್ಲೇ ಇದೆ. "ಹವಾಮಾನ ವೈಪರೀತ್ಯ" ಎಂದರೆ ಹವೆ ವಿಪರೀತವಾಗಿ ನಡೆದುಕೊಂಡಿತು ಎಂದರ್ಥ. ಅದರಲ್ಲಿ ಮಾಡಿದವರು ಯಾರೂ ಇಲ್ಲ. ಇವತ್ತು ಮೈಮೇಲೆ ಬಂತು, ನಾಳೆ ಇಳಿದುಹೋಗುತ್ತದೆ ಎಂಬ ಧಾಟಿ. ಒಂದು ಆಲಿಕಲ್ಲು ಮಳೆಗೂ ಅದೇ ಪದ, ನೂರಿಪ್ಪತ್ತು ವರ್ಷದ ತಾಪಮಾನ ಏರಿಕೆಗೂ ಅದೇ ಪದ. ಭೂವಿಜ್ಞಾನ ಸಚಿವಾಲಯದ 2020ರ ವರದಿ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ, ಅದಕ್ಕೆ ಮುಖ್ಯ ಕಾರಣ ಹಸಿರುಮನೆ ಅನಿಲಗಳು. ಇದು ವೈಪರೀತ್ಯವಲ್ಲ, ಏರಿಕೆ. ಏರಿಕೆಗೆ ಕಾರಣವಿದೆ, ಕಾರಣಕ್ಕೆ ಹೆಸರಿದೆ.

ನಾವು ಕಾರಣ ಬರೆಯದಿದ್ದರೆ ಜನ ಸುಮ್ಮನಿರುತ್ತಾರೆಯೇ? ಅವರೇ ಹುಡುಕಿಕೊಳ್ಳುತ್ತಾರೆ. ಟೀ ಅಂಗಡಿಯಲ್ಲಿ, ಮಾವಿನ ಮಂಡಿಯಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೂತು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬರು ಕಲಿಗಾಲ ಅನ್ನುತ್ತಾರೆ. ಇನ್ನೊಬ್ಬರು ಮೊಬೈಲ್ ಟವರ್ ಅನ್ನುತ್ತಾರೆ. ಓದಿದವರು ಓಝೋನ್ ತೂತು ಬಿದ್ದಿದೆ ಅನ್ನುತ್ತಾರೆ. ಪ್ಲಾಸ್ಟಿಕ್ ಅನ್ನುವವರಿದ್ದಾರೆ, ಕ್ವಾರಿ ಸಿಡಿಮದ್ದು ಅನ್ನುವವರಿದ್ದಾರೆ, ಬೆಟ್ಟದ ಮರ ಕಡಿದದ್ದೇ ಕಾರಣ ಅನ್ನುವವರಂತೂ ಎಲ್ಲೆಡೆ ಇದ್ದಾರೆ. ಯಾರೂ ಇದನ್ನು ಹಗುರವಾಗಿ ಹೇಳುತ್ತಿಲ್ಲ. ಸಿಕ್ಕಷ್ಟು ತುಣುಕು ಜೋಡಿಸಿ ಹೇಳುತ್ತಿದ್ದಾರೆ. ಆ ತುಣುಕುಗಳನ್ನು ಹಾಗೆ ಹರಿಯಬಿಟ್ಟವರು ನಾವು.

ಇದು ನಮ್ಮ ಜಿಲ್ಲೆಯ ಕಥೆ ಮಾತ್ರ ಅಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಸಿ-ವೋಟರ್ ಜೊತೆ 2021ರ ಕೊನೆ ಮತ್ತು 2022ರ ಆರಂಭದಲ್ಲಿ ದೇಶದಾದ್ಯಂತ ಸಮೀಕ್ಷೆ ನಡೆಸಿದರು. ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಕೇಳಿಯೇ ಇಲ್ಲ, ಅಥವಾ ಸ್ವಲ್ಪ ಮಾತ್ರ ಗೊತ್ತು ಎಂದವರು ಶೇ 54. ಏನೆಂದು ಎರಡು ಮಾತಿನಲ್ಲಿ ವಿವರಿಸಿದ ಮೇಲೆ, ಹೌದು ಇದು ನಡೆಯುತ್ತಿದೆ ಎಂದವರು ಶೇ 84. ಆದರೆ ಮುಖ್ಯವಾಗಿ ಮನುಷ್ಯರಿಂದ ಆಗುತ್ತಿದೆ ಎಂದವರು ಶೇ 57, ಪ್ರಕೃತಿಯ ಸಹಜ ಬದಲಾವಣೆ ಎಂದವರು ಶೇ 31. ಅಂದರೆ ಬಿಸಿಲು ಹೆಚ್ಚಿದೆ ಎಂದು ಜನರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರಿಗೆ ಸಿಗದಿರುವುದು ಕಾರಣ.

ಕಾರಣ ಅಷ್ಟು ಕಷ್ಟದ್ದೂ ಅಲ್ಲ. ನೆಲದಡಿ ಕೋಟ್ಯಂತರ ವರ್ಷ ಹೂತಿದ್ದ ಕಲ್ಲಿದ್ದಲು, ಪೆಟ್ರೋಲಿಯಂ, ಅನಿಲವನ್ನು ಅಗೆದು ಸುಡುತ್ತಿದ್ದೇವೆ. ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನಮ್ಮ ಬೈಕಿಗೆ ಹಾಕಿಸುವ ಒಂದು ಲೀಟರ್ ಪೆಟ್ರೋಲು ತೂಗಿದರೆ ಮುಕ್ಕಾಲು ಕೆ.ಜಿ. ಸುಟ್ಟ ಮೇಲೆ ಅದು ಗಾಳಿಯ ಆಮ್ಲಜನಕವನ್ನೂ ಸೇರಿಸಿಕೊಂಡು ಸುಮಾರು 2.3 ಕೆ.ಜಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಈ ಅನಿಲ ಭೂಮಿಯಿಂದ ಹೊರಹೋಗುವ ಶಾಖವನ್ನು ತಡೆಹಿಡಿಯುತ್ತದೆ, ರಾತ್ರಿ ಹೊದ್ದ ಕಂಬಳಿಯ ಹಾಗೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇದ್ದ ಅದು ಈಗ 420 ದಾಟಿದೆ. ಕಂಬಳಿ ದಪ್ಪವಾಗುತ್ತಿದೆ. "ಹಸಿರುಮನೆ ಅನಿಲ" ಎಂದು ಬರೆದು ನಾವು ಇಷ್ಟು ಸರಳ ಸಂಗತಿಯನ್ನೂ ಕೆಡಿಸಿದ್ದೇವೆ. ಹಸಿರು ಅಂದರೆ ಒಳ್ಳೆಯದಲ್ಲವೇ ಎಂದು ಓದುಗರು ಕೇಳಿದರೆ ತಪ್ಪು ಅವರದಲ್ಲ.

ಓಝೋನ್ ತೂತು ಬೇರೆಯೇ ಸಮಸ್ಯೆ. ಅದಕ್ಕೆ ಕಾರಣವಾದ ರಾಸಾಯನಿಕಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಜಗತ್ತು ಹಂತ ಹಂತವಾಗಿ ಕೈಬಿಟ್ಟಿತು, ಪದರ ಚೇತರಿಸಿಕೊಳ್ಳುತ್ತಿದೆ. ಮರ ಕಡಿದದ್ದೂ ಕಾರಣವೇ, ಆದರೆ ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಅದರ ಪಾಲು ಸುಮಾರು ಹತ್ತರಲ್ಲಿ ಒಂದು. ಉಳಿದದ್ದು ಬಹುಪಾಲು ಸುಡುವ ಇಂಧನದ್ದು. ಸೂರ್ಯನೇ ಹೆಚ್ಚು ಸುಡುತ್ತಿದ್ದಾನೆ ಎನ್ನುವವರಿಗೂ ಉತ್ತರವಿದೆ. ಸೂರ್ಯನ ಶಾಖವನ್ನು 1970ರ ದಶಕದ ಕೊನೆಯಿಂದ ಉಪಗ್ರಹಗಳು ಅಳೆಯುತ್ತಿವೆ, ಏರಿಕೆ ಕಂಡಿಲ್ಲ. ಸೂರ್ಯ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು, ಅದು ತಣ್ಣಗಾಗುತ್ತಿದೆ. ಕಂಬಳಿಯೊಳಗೆ ಶಾಖ ಸಿಕ್ಕಿಕೊಂಡರೆ ಹಾಗೇ ಆಗುವುದು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಒಂದೂವರೆ ಡಿಗ್ರಿಗೆ ಇಷ್ಟು ಗಲಾಟೆ ಯಾಕೆ, ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೇ ಹತ್ತು ಡಿಗ್ರಿ ಏರುತ್ತದಲ್ಲ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಹೇಳಲು ನಮ್ಮ ಜಿಲ್ಲೆಯವರಿಗಿಂತ ಯೋಗ್ಯರು ಬೇರೆ ಇಲ್ಲ. ರಾಮನಗರದಲ್ಲಿರುವುದು ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡು ಮಾರುಕಟ್ಟೆ. ಹುಳುಮನೆಗೆ ಹೋಗಿ ನೋಡಿ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ, ದೊಡ್ಡ ಹುಳುವಿಗೆ 24, 25 ಡಿಗ್ರಿ ಬೇಕು. ಎರಡು ಮೂರು ಡಿಗ್ರಿ ಮೇಲೆ ಹೋಗಿ ಹಾಗೇ ನಿಂತರೆ ಹುಳು ಸೊಪ್ಪು ತಿನ್ನುವುದು ಬಿಡುತ್ತದೆ, ಜ್ವರಕ್ಕೆ ಕೂತದ್ದು ಸರಿಯಾಗಿ ಏಳುವುದಿಲ್ಲ, ಹಾಲುತೊಂಡೆ, ಸಪ್ಪೆರೋಗ ಹತ್ತುತ್ತದೆ. ಚಂದ್ರಿಕೆಗೆ ಹತ್ತಬೇಕಾದ ಬೆಳೆ ತಿಪ್ಪೆಗೆ ಹೋಗುತ್ತದೆ. ಅದಕ್ಕೇ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ನಡುರಾತ್ರಿಯಲ್ಲೂ ಎದ್ದು ಥರ್ಮಾಮೀಟರ್ ನೋಡುತ್ತಾರೆ. ಹಗಲಿನ ಏರಿಳಿತ ಬೇರೆ, ಮನೆಯ ಸರಾಸರಿಯೇ ಮೇಲೇರಿ ಕೂರುವುದು ಬೇರೆ ಎಂಬುದು ರೇಷ್ಮೆ ಬೆಳೆಗಾರರಿಗೆ ಮೊದಲೇ ಗೊತ್ತು. ಇಡೀ ಭೂಮಿಯ ಸರಾಸರಿ 2024ರಲ್ಲಿ ಕೈಗಾರಿಕಾ ಪೂರ್ವ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಮೇಲಿತ್ತು ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಅದೇ ವರ್ಷ 1901ರಿಂದೀಚೆಗೆ ಭಾರತದ ಅತಿ ಬಿಸಿ ವರ್ಷ. ಈ ಸುದ್ದಿಯನ್ನು ಹುಳುಮನೆಯ ಪಕ್ಕ ಇಟ್ಟು ಬರೆದ ಒಂದು ವರದಿ ನಮ್ಮ ಕೈಯಿಂದ ಹೋಗಿಲ್ಲ.

ಕಾರಣ ಹೇಳದಿದ್ದರೆ ಲಾಭ ಯಾರಿಗೆ ಎಂಬುದನ್ನೂ ನೋಡಬೇಕು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರ ಮುಳುಗಿತು. ಭಕ್ಷಿಕೆರೆಯ ನೀರು ಉಕ್ಕಿತು, ತಗ್ಗಿನ ಬಡಾವಣೆಗಳ ಮನೆಗಳಿಗೆ ನುಗ್ಗಿತು, ಮೈಸೂರು ಹೆದ್ದಾರಿಯಲ್ಲಿ ಬಸ್ಸು ಕಾರುಗಳು ಸಿಕ್ಕಿಕೊಂಡವು. ಕೇಳಿದರೆ "ಕಂಡರಿಯದ ಮಳೆ, ನಾವೇನು ಮಾಡೋದು" ಎಂಬ ಉತ್ತರ. ಮುಂದೆ 2023ರ ಮಾರ್ಚ್ 12ರಂದು ಪ್ರಧಾನಿ ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದರು. ವಾರ ತುಂಬುವುದರೊಳಗೆ ಒಂದು ಮಳೆಗೆ ಸಂಗಬಸವನದೊಡ್ಡಿ ಬಳಿ ಕೆಳಸೇತುವೆಯಲ್ಲಿ ನೀರು ನಿಂತಿತು. ಅದು ಕಂಡರಿಯದ ಮಳೆಯೇನೂ ಅಲ್ಲ. ನೀರು ಹೋಗುವ ದಾರಿ ಮುಚ್ಚಿತ್ತು.

ಇಲ್ಲಿ ಎರಡು ಲೆಕ್ಕಗಳಿವೆ. ಒಂದು, ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಸುರಿದಾಗ ಧೋ ಎಂದು ಸುರಿಯುವ ಸಾಧ್ಯತೆ ಹೆಚ್ಚುತ್ತದೆ. ಇದು ಕಲ್ಲಿದ್ದಲು, ಪೆಟ್ರೋಲಿನ ಲೆಕ್ಕ. ಇನ್ನೊಂದು, ಕೆರೆ ಒತ್ತುವರಿ, ಮುಚ್ಚಿದ ರಾಜಕಾಲುವೆ, ತಪ್ಪಾಗಿ ಕಟ್ಟಿದ ಚರಂಡಿ. ಇದು ತಾಲ್ಲೂಕು ಕಚೇರಿಯ, ನಗರಸಭೆಯ, ಗುತ್ತಿಗೆದಾರರ ಲೆಕ್ಕ. ಅಧಿಕಾರಿಗಳು ಎರಡನೆಯದನ್ನು ಮೊದಲನೆಯದರ ಹಿಂದೆ ಬಚ್ಚಿಡುತ್ತಾರೆ. ನಮ್ಮ ಹೋರಾಟಗಾರ ಗೆಳೆಯರಲ್ಲಿ ಕೆಲವರು ಎಲ್ಲವನ್ನೂ ಎರಡನೆಯದಕ್ಕೇ ಬರೆದು ಮೊದಲನೆಯದನ್ನು ಮರೆಯುತ್ತಾರೆ. ಎರಡನ್ನೂ ಬೇರೆ ಬೇರೆ ಬರೆದರೆ ಮಾತ್ರ ಯಾರ ಸಾಲ ಎಷ್ಟೆಂದು ಗೊತ್ತಾಗುತ್ತದೆ. ಮಳೆ ಹೆಚ್ಚುತ್ತದೆ ಎಂದು ಗೊತ್ತಿದ್ದೂ ಕಾಲುವೆ ಮುಚ್ಚಿದವರ ತಪ್ಪು ಸಣ್ಣದಾಗುವುದಿಲ್ಲ, ಇನ್ನೂ ದೊಡ್ಡದಾಗುತ್ತದೆ.

ಪ್ರಾಮಾಣಿಕವಾಗಿ ಬರೆಯುವುದೆಂದರೆ ಎಲ್ಲವನ್ನೂ ತಾಪಮಾನ ಏರಿಕೆಯ ತಲೆಗೆ ಕಟ್ಟುವುದೂ ಅಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದಾಗ ಪೆಸಿಫಿಕ್ ಸಾಗರದ ಎಲ್ ನಿನೊ ದೊಡ್ಡ ಪಾತ್ರ ವಹಿಸಿತ್ತು. ಎಲ್ ನಿನೊ ಹಿಂದೆಯೂ ಬಂದಿದೆ, ಮುಂದೆಯೂ ಬರುತ್ತದೆ. "ನಮ್ಮಪ್ಪನ ಕಾಲದಲ್ಲೂ ಬರ ಇತ್ತು ಕಣಪ್ಪ" ಎನ್ನುವ ಹಿರಿಯರ ಮಾತು ಸುಳ್ಳಲ್ಲ. ಆದರೆ ಅಪ್ಪನ ಕಾಲದ ಬರ ಬಿದ್ದದ್ದು ಇಷ್ಟು ಕಾದ ನೆಲದ ಮೇಲಲ್ಲ. ಅದೇ ಬರ ಈಗ ಬಂದರೆ ಬಿಸಿ ಹೆಚ್ಚು, ಕೆರೆಯ ನೀರು ಬೇಗ ಆರುತ್ತದೆ, ರಾಗಿ ಪೈರು ಬೇಗ ಬಾಡುತ್ತದೆ.

ಕಾರಣ ತಿಳಿದು ರೈತರಿಗೇನು ಬಂತು ಎಂದರೆ, ಬಹಳ ಬಂತು. ಕೇಂದ್ರದ 2022-26ರ ಮಾರ್ಗಸೂಚಿ ಪ್ರಕಾರ ಶೇ 33ಕ್ಕಿಂತ ಹೆಚ್ಚು ಬೆಳೆ ನಷ್ಟವಾದರೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಬಹುವಾರ್ಷಿಕ ಬೆಳೆಗೆ 22,500, ಅದೂ ಎರಡು ಹೆಕ್ಟೇರಿನವರೆಗೆ. ಎಕರೆಗೆ ಲೆಕ್ಕ ಹಾಕಿದರೆ ರಾಗಿಗೆ ಸುಮಾರು 3,400, ಮಾವಿಗೆ ಸುಮಾರು 9,100 ರೂಪಾಯಿ. ಈ ಹಣಕ್ಕೂ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ವರುಣ ಮುನಿದ ಎಂದು ನಾವು ಬರೆಯುವವರೆಗೆ ಈ ದುಡ್ಡು ದಯೆಯಿಂದ ಕೊಟ್ಟ ಭಿಕ್ಷೆ. ಇದು ಗೊತ್ತಿರುವ ಕಾರಣದ, ಮೊದಲೇ ಎಚ್ಚರಿಸಿದ್ದ ನಷ್ಟ ಎಂದು ಬರೆದರೆ ರೈತರು ಕೇಳುವ ಪ್ರಶ್ನೆಯೇ ಬದಲಾಗುತ್ತದೆ. ಬಿಸಿ ತಡೆಯುವ ರೇಷ್ಮೆ ತಳಿ ಎಲ್ಲಿ? ಪ್ರತಿ ಪಂಚಾಯಿತಿಯಲ್ಲಿ ಕೆಲಸ ಮಾಡುವ ಮಳೆಮಾಪಕ ಇದೆಯೇ? ಮಾವಿನ ವಿಮೆ ನಿಂತಿರುವುದೇ ಹವೆಯ ಅಳತೆಯ ಮೇಲೆ, ಆ ಅಳತೆ ಎಲ್ಲಿಯದು?

"ಮಾಡಿದ್ದು ಅಮೆರಿಕದವರು, ನಮ್ಮನ್ಯಾಕೆ ಕೇಳ್ತೀರಿ" ಎಂಬ ವಾದದಲ್ಲಿ ಅರ್ಧ ಸತ್ಯವಿದೆ. ವರ್ಷಕ್ಕೆ ತಲಾ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಅವರದು, ನಮ್ಮದು ಸುಮಾರು 2. ಮಾಗಡಿಯಲ್ಲಿ ಎರಡು ಎಕರೆ ರಾಗಿ ಬೆಳೆಯುವವರು ಆ ಎರಡು ಟನ್ನನ್ನೂ ಮುಟ್ಟುವುದು ಅನುಮಾನ. ಅವರಿಗೆ ಪಾಪಪ್ರಜ್ಞೆ ಹೊರಿಸುವ ಬರವಣಿಗೆ ನಮಗೆ ಬೇಡ. ಆದರೆ ಒಟ್ಟು ಲೆಕ್ಕದಲ್ಲಿ ಭಾರತ ಈಗ ಜಗತ್ತಿನಲ್ಲಿ ಮೂರನೆಯದು, ರಾಯಚೂರಿನ ಶಾಖೋತ್ಪನ್ನ ಸ್ಥಾವರ ಉರಿಸುವುದು ಕಲ್ಲಿದ್ದಲನ್ನೇ. ಪಾವಗಡದಂಥ ಸೌರ ಪಾರ್ಕ್ ಕಟ್ಟಿದ ರಾಜ್ಯಕ್ಕೆ ಮುಂದೇನು ಎಂದು ಕೇಳುವ ಹಕ್ಕು ನಮಗಿದೆ.

ಇನ್ನು ಜೂನ್ 5. ಸಸಿ ನೆಡುವ ಗಣ್ಯರ ಫೋಟೊ ತೆಗೆಯದ ವರ್ಷವಿಲ್ಲ. ಹತ್ತು ಕೈ, ಒಂದು ಸಸಿ. ಬೇಲಿಯಿಲ್ಲ, ನೀರಿಲ್ಲ, ಮುಂದಿನ ವರ್ಷ ಅದೇ ಗುಂಡಿಗೆ ಇನ್ನೊಂದು ಸಸಿ. ಮರ ಬೇಕು, ಖಂಡಿತ ಬೇಕು. ಆದರೆ ಸಸಿ ನೆಟ್ಟು ಎಂಟು ಡೀಸೆಲ್ ಕಾರುಗಳ ಸಾಲಿನಲ್ಲಿ ವಾಪಸ್ ಹೋಗುವವರ ಫೋಟೊವನ್ನು "ತಾಪಮಾನ ಏರಿಕೆಗೆ ಇದೇ ಪರಿಹಾರ" ಎಂಬ ಅಡಿಬರಹದೊಂದಿಗೆ ಕಳಿಸಿದವರೂ ನಾವೇ.

"ಇದೆಲ್ಲ ಲೋಕಲ್ ಅಲ್ಲ, ಯಾರೂ ಓದಲ್ಲ" ಎಂದು ಡೆಸ್ಕ್‌ನವರು ಹೇಳುತ್ತಾರೆ. ಹುಳುಮನೆಯ ಥರ್ಮಾಮೀಟರ್ ಲೋಕಲ್ ಅಲ್ಲವೇ? ಉದುರಿದ ಬಾದಾಮಿ ಮಾವಿನ ಹೂವು ಲೋಕಲ್ ಅಲ್ಲವೇ? ಕಾಲಂ ಲೆಕ್ಕದಲ್ಲಿ ದುಡ್ಡು ಎಣಿಸುವ ನಮಗೆ ಜಾಗದ ಬೆಲೆ ಗೊತ್ತು. ನಾವು ಕೇಳುತ್ತಿರುವುದು ಎರಡೇ ಎರಡು ವಾಕ್ಯದ ಜಾಗ.

ಹಾಗಾಗಿ ಈ ಬ್ಲಾಗಿನ ನಾವು ನಮ್ಮೊಳಗೆ ಮಾತಾಡಿಕೊಂಡಿದ್ದೇವೆ. ವರುಣನನ್ನು ತಲೆಬರಹದಿಂದ ಇಳಿಸುತ್ತೇವೆ. ಒಂದು ದಿನದ ಹವೆಗೂ ದಶಕಗಳ ಏರಿಕೆಗೂ ಒಂದೇ ಪದ ಬಳಸುವುದಿಲ್ಲ. ಬಿಸಿಲು, ನೆರೆ, ಬರದ ಪ್ರತಿ ವರದಿಯಲ್ಲಿ ಒಂದು ವಾಕ್ಯ ಕಲ್ಲಿದ್ದಲು, ಪೆಟ್ರೋಲಿನ ಲೆಕ್ಕಕ್ಕೆ, ಒಂದು ವಾಕ್ಯ ಊರಿನ ಲೆಕ್ಕಕ್ಕೆ. ಗೊತ್ತಿಲ್ಲದ್ದನ್ನು ತಾಪಮಾನ ಏರಿಕೆಯ ಮೇಲೆ ಹೊರಿಸುವುದಿಲ್ಲ. ಡೆಸ್ಕ್ ಕತ್ತರಿಸಿದರೆ ಕತ್ತರಿಸಿದ ವಾಕ್ಯವನ್ನು ಇಲ್ಲಿ ಹಾಕುತ್ತೇವೆ. ಬೇರೆ ಜಿಲ್ಲೆಗಳ ಗೆಳೆಯರೇ, ನಿಮ್ಮ ಹಳೆಯ ಕತ್ತರಿಕೆಗಳನ್ನೂ ಒಮ್ಮೆ ಹರಡಿಕೊಂಡು ನೋಡಿ. ಮುಂದಿನ ಏಪ್ರಿಲ್‌ಗೆ ಫೋನು ಬಂದೇ ಬರುತ್ತದೆ. ಎಳನೀರಿನ ಫೋಟೊ ಕಳಿಸೋಣ, ಅದರ ಕೆಳಗೆ ಯಾಕೆ ಎಂದೂ ಬರೆಯೋಣ.