ದಂಡೆ ಚೊಕ್ಕಟ, ಹೊಳೆ ಹೊಲಸು

ನದಿಗಳ ಉದ್ಧಾರದ ಮಾತು ಬಂದಾಗಲೆಲ್ಲ ಅಹಮದಾಬಾದಿನ ಸಾಬರಮತಿಯ ಹೆಸರನ್ನು ಮುಂದೆ ಮಾಡುವುದು ರೂಢಿಯಾಗಿಬಿಟ್ಟಿದೆ. ನಾವೂ ಅದನ್ನೇ ನೋಡೋಣ. ಆದರೆ ಉದ್ಯಾನದ ಕಟ್ಟೆಯ ಮೇಲೆ ಕುಳಿತಲ್ಲ. ದಂಡೆಯಲ್ಲಿ ಬಾಳಿದವರ ಜೊತೆ ನಿಂತು ನೋಡೋಣ.

ಅಹಮದಾಬಾದು ಗಿರಣಿಗಳ ಊರು. 1918ರಲ್ಲಿ ಗಾಂಧೀಜಿಯವರ ಮುಂದಾಳುತನದಲ್ಲಿ ಕೂಲಿಕಾರರು ಮುಷ್ಕರ ಹೂಡಿದ ಊರು. ಅಲ್ಲಿಯ ನಗರಪಾಲಿಕೆ 1997ರಲ್ಲಿ ನದೀದಂಡೆಯ ಅಭಿವೃದ್ಧಿಗೆಂದು ಒಂದು ಕಂಪನಿಯನ್ನು ಸ್ಥಾಪಿಸಿತು. 2005ರಲ್ಲಿ ಕೆಲಸ ಮೊದಲಾಯಿತು. ಸುಮಾರು 11 ಕಿಲೋಮೀಟರು ಉದ್ದ ಎರಡೂ ಬದಿಗೆ ಗೋಡೆ ಎದ್ದಿತು. ಊರ ಚರಂಡಿಗಳನ್ನು ತಡೆದು ಬೇರೆ ಕಡೆಗೆ ತಿರುಗಿಸಿದರು. ನರ್ಮದಾ ಕಾಲುವೆಯ ನೀರು ತಂದು ಹೊಳೆ ತುಂಬಿದರು. ಇದರಲ್ಲಿ ಒಳಿತಿಲ್ಲವೆಂದು ನಾವು ಹೇಳುವುದಿಲ್ಲ. ಸಂಜೆ ಕೂಡಲು ಬಡವನಿಗೂ ಒಂದು ತಾವು ಬೇಕು.

ಆದರೆ ಆ ದಂಡೆ ಬರಿದಾಗಿರಲಿಲ್ಲ. ಅಲ್ಲಿಂದ ಎಬ್ಬಿಸಲ್ಪಟ್ಟ ಸಂಸಾರಗಳು ಹತ್ತು ಸಾವಿರಕ್ಕೂ ಹೆಚ್ಚು. ನಕ್ಷೆ ಬರೆಯುವಾಗ ಅವರನ್ನು ಕೇಳಿದವರಾರು? ಅವರು ಸಾಬರಮತಿ ನಾಗರಿಕ ಅಧಿಕಾರ ಮಂಚ ಕಟ್ಟಿಕೊಂಡು 2005ರಲ್ಲಿ ಹೈಕೋರ್ಟಿಗೆ ಹೋಗಬೇಕಾಯಿತು. ಅನೇಕರಿಗೆ ಮನೆ ಸಿಕ್ಕಿದ್ದು ಊರಾಚೆ, ಕೆಲಸದಿಂದ ಬಹು ದೂರ. ದಿನಗೂಲಿಯಲ್ಲಿ ಬಸ್ಸಿನ ಚಾರ್ಜು ಕಳೆದರೆ ಉಳಿಯುವುದೆಷ್ಟೆಂದು ದುಡಿಯುವವನಿಗೆ ಲೆಕ್ಕ ಹೇಳಿಕೊಡಬೇಕಿಲ್ಲ.

ಎಲಿಸ್ ಸೇತುವೆಯ ಬುಡದಲ್ಲಿ ಗುಜರಿ ಬಜಾರ್ ಎಂಬ ಭಾನುವಾರದ ಸಂತೆಯೂ ಇತ್ತು. ಹಳೆಯ ಮಂಚ, ಪಾತ್ರೆ, ಉಪಕರಣ, ಪುಸ್ತಕ ಎಲ್ಲವನ್ನೂ ಬಡವರು ಬಡವರಿಗೆ ಮಾರುವ ಸಂತೆ. ಅದಕ್ಕೂ ಎದ್ದುಹೋಗುವ ಭಯ ಬಂದಿತು. ಆ ಸಣ್ಣ ವ್ಯಾಪಾರಿಗಳು ಚದುರಲಿಲ್ಲ. ತಮ್ಮ ಸಂಘದ ಮೂಲಕ ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಹಟ ಬಿಡಲಿಲ್ಲ. 2014ರಲ್ಲಿ ಅದೇ ದಂಡೆಯ ಮೇಲೆ ಕಟ್ಟೆ ಕಟ್ಟಿಸಿದ ಹೊಸ ಸಂತೆಮಾಳ ಅವರದಾಯಿತು. ಒಗ್ಗಟ್ಟಿದ್ದಲ್ಲಿ ನಕ್ಷೆಯೂ ಬಾಗುತ್ತದೆ!

ಇನ್ನು ನದಿಯ ಗತಿಯೇನು? ವಾಸಣಾ ಅಣೆಕಟ್ಟಿನ ಕೆಳಗೆ ಊರ ಚರಂಡಿ, ಕಾರ್ಖಾನೆಗಳ ಕೊಳೆ ಎರಡೂ ಹೊಳೆಗೇ ಸೇರುತ್ತಿರುವುದನ್ನು ಕಂಡು 2021ರಲ್ಲಿ ಗುಜರಾತ್ ಹೈಕೋರ್ಟು ತಾನಾಗಿಯೇ ವಿಚಾರಣೆಗೆ ತೊಡಗಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯ 2022ರ ವರದಿಯಲ್ಲಿ ದೇಶದ ಕೊಳಕು ನದಿಗಳ ಪೈಕಿ ಸಾಬರಮತಿಗೆ ಎರಡನೆಯ ಸ್ಥಾನ. ಕೊಳೆಯನ್ನು ಕರಗಿಸಲು ಒಂದು ಲೀಟರು ನೀರು ಬೇಡುವ ಆಮ್ಲಜನಕ ಸ್ನಾನದ ಹೊಳೆಯಲ್ಲಿ 3 ಮಿಲಿಗ್ರಾಂ ಮೀರಕೂಡದು. ಅಲ್ಲಿ ಅಳತೆ 292ಕ್ಕೆ ಏರಿತ್ತು. ಪೇಟೆಯ ಮುಂದೆ ಕನ್ನಡಿಯಂಥ ನೀರು, ಕೆಳಗಿನ ಹಳ್ಳಿಯ ರೈತನಿಗೆ ವಿಷ!

ನಾವು ಹೇಳತಕ್ಕದ್ದಿಷ್ಟೆ. ಯಾವ ಊರೇ ಆಗಲಿ, ಹೊಳೆಯ ಕೆಲಸ ಚರಂಡಿಯಿಂದ, ಕಾರ್ಖಾನೆಯ ಕೊಳವೆಯಿಂದ ಆರಂಭವಾಗಲಿ, ಉದ್ಯಾನ ಆಮೇಲೆ. ಖರ್ಚಿನ ಲೆಕ್ಕ ವಾರ್ಡಿನ ಜನರ ಮುಂದೆ ಬರಲಿ. ಮೂರು ಲಕ್ಷ ಮತ್ತು ಅದಕ್ಕೂ ಮೇಲ್ಪಟ್ಟ ಜನರಿರುವ ಊರುಗಳಿಗೆ ವಾರ್ಡು ಸಮಿತಿ ಬೇಕೆಂದು 1992ರ 74ನೆಯ ತಿದ್ದುಪಡಿಯೇ ವಿಧಿಸಿದೆ. ಆ ಸಮಿತಿಯಲ್ಲಿ ದಂಡೆಯ ಗುಡಿಸಲಿನವರಿಗೂ ಸಂತೆಯವರಿಗೂ ಮೊದಲ ದಿನದಿಂದಲೇ ಜಾಗವಿರಲಿ. ನಕ್ಷೆ ಮುಗಿದ ಮೇಲೆ ಕರೆದು ಚಹಾ ಕುಡಿಸಿ ಸಹಿ ಹಾಕಿಸಿಕೊಳ್ಳುವುದಕ್ಕೆ ಜನಸಹಕಾರವೆಂದು ಹೆಸರಿಡುವುದನ್ನು ನಾವು ಒಪ್ಪೆವು. ಕರೆಯುವ ತನಕ ಕಾಯುವುದೂ ಬೇಡ. ಗುಜರಿಯ ವ್ಯಾಪಾರಿಗಳಂತೆ ಸಂಘ ಕಟ್ಟಿ ನಾವೇ ಹೋಗಿ ಕೂರೋಣ.