ಗೃಹೋಪಯುಕ್ತ ವಿಚಾರ: ಏಳಲೊಲ್ಲದ ಕಂಪ್ಯೂಟರು

ಗುಂಡಿಯನ್ನು ಎಷ್ಟು ಒತ್ತಿದರೂ ಮೇಜಿನ ಕಂಪ್ಯೂಟರು ಏಳದಿದ್ದಾಗ ಮನೆಮಂದಿಗೆಲ್ಲ ಉಂಟಾಗುವ ಕಳವಳವನ್ನು ನಾವು ಬಲ್ಲೆವು. ಮಕ್ಕಳ ಪಾಠ, ಮನೆಯ ಲೆಕ್ಕ, ಗತಿಸಿದ ಹಿರಿಯರ ಭಾವಚಿತ್ರ ಎಲ್ಲವೂ ಅದರೊಳಗೇ ಇರುವುದಷ್ಟೆ. ಆದರೆ ಯಂತ್ರವು ಏಳಲಿಲ್ಲವೆಂದ ಮಾತ್ರಕ್ಕೆ ಅವು ಅಳಿದುವೆಂದು ಎದೆಗೆಡಬೇಕಾದುದಿಲ್ಲ. ಅವು ಇರುವುದು ಡಿಸ್ಕಿನಲ್ಲಿ. ಕೆಟ್ಟಿರುವುದು ಎಷ್ಟೋ ವೇಳೆ ಬೇರೊಂದು ಅಂಗ.

ಯಂತ್ರವು ಪೂರ್ತಿಯಾಗಿ ಸತ್ತಂತಿದೆಯೋ, ಉಸಿರಾಡಿಯೂ ಮುಖ ತೋರದೆ ಇದೆಯೋ ಎಂಬುದನ್ನು ಮೊದಲು ವಿವೇಚಿಸತಕ್ಕದ್ದು. ದೀಪವೂ ಇಲ್ಲ, ಫ್ಯಾನಿನ ಸದ್ದೂ ಇಲ್ಲವೆಂದರೆ ದೋಷವು ಪ್ರಾಯಶಃ ವಿದ್ಯುತ್ತು ಬರುವ ದಾರಿಯಲ್ಲಿದೆ. ಅದೇ ಪ್ಲಗ್ಗಿಗೆ ಒಂದು ಮೇಜುದೀಪವನ್ನು ಹಾಕಿ ನೋಡಬೇಕು. ಬಳಿಕ ಯುಪಿಎಸ್ಸನ್ನು ಬಿಟ್ಟು, ತಂತಿಯನ್ನು ನೇರವಾಗಿ ಗೋಡೆಗೆ ಸೇರಿಸಬೇಕು. ಯುಪಿಎಸ್ಸಿನ ಬ್ಯಾಟರಿ ಕೆಲವು ವರ್ಷಗಳಲ್ಲಿ ಸವೆದುಹೋಗುವಂಥದೇ. ಪೆಟ್ಟಿಗೆಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಸಣ್ಣದೊಂದು ಸ್ವಿಚ್ಚು ಉಂಟು. ಧೂಳೊರಸುವಾಗ ಕೈತಗುಲಿ ಅದು ಆರಿಹೋಗಿರುವುದೂ ಅಪೂರ್ವವಲ್ಲ! ಇಷ್ಟಾದರೂ ಫಲವಿಲ್ಲದಿದ್ದರೆ ಸಂಶಯವು ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಯ ಮೇಲೆ. ಅದನ್ನು ಮಾತ್ರ ಮನೆಯಲ್ಲಿ ಬಿಚ್ಚಕೂಡದು. ಪ್ಲಗ್ಗನ್ನು ಕಿತ್ತ ಮೇಲೂ ಅದರೊಳಗಿನ ಕೆಪ್ಯಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ನಿಂತಿರಬಹುದು.

ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ, ಪರದೆಯ ತಂತಿಗಳನ್ನು ಬಿಗಿಮಾಡಿ, ಸ್ವಲ್ಪ ಕಿವಿಗೊಟ್ಟು ಕೇಳಿರಿ. 1981ರಲ್ಲಿ ಹೊರಬಂದ ಐಬಿಎಂ ಪಿಸಿಯ ಕಾಲದಿಂದಲೂ, ಕಂಪ್ಯೂಟರು ಏಳುತ್ತಲೇ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಂಡು, ತೊಡಕಿದ್ದರೆ ಬೀಪ್ ಎಂದು ಕೂಗಿ ತಿಳಿಸುವ ಪದ್ಧತಿಯಿದೆ. ಈಚಿನ ಕೆಲವು ಯಂತ್ರಗಳು ಕೂಗುವುದರ ಬದಲು ಒಳಗೊಂದು ಚಿಕ್ಕ ದೀಪವನ್ನು ಮಿನುಗಿಸುವುವು. ಕೂಗಿನ ಅರ್ಥ ಒಬ್ಬೊಬ್ಬ ತಯಾರಕರಲ್ಲಿ ಒಂದೊಂದು ಬಗೆಯಾದುದರಿಂದ, ಯಂತ್ರದೊಡನೆ ಬಂದ ಕೈಪಿಡಿಯನ್ನು ಎಸೆಯದೆ ಇಟ್ಟುಕೊಂಡವರು ಜಾಣರು. ಹಲವು ವೇಳೆ ತೊಡಕಿರುವುದು ರ‍್ಯಾಮ್ ಎಂಬ ನೆನಪಿನ ಪಟ್ಟಿಯಲ್ಲಿ. ವಿದ್ಯುತ್ ತಂತಿಯನ್ನು ಕಿತ್ತು, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯ ವಿದ್ಯುತ್ತನ್ನು ಕಳೆದುಕೊಂಡು, ಆ ಪಟ್ಟಿಯನ್ನು ಹೊರತೆಗೆದು ಮತ್ತೆ ಭದ್ರವಾಗಿ ಕೂರಿಸಿದರೆ ಎಷ್ಟೋ ಯಂತ್ರಗಳು ಎದ್ದುಬಿಡುವುವು.

ಪರದೆಯ ಮೇಲೆ ಡಿಸ್ಕು ಸಿಕ್ಕಲಿಲ್ಲವೆಂಬ ಬರಹ ಕಂಡರೆ ಮೊದಲು ಮರೆತುಬಿಟ್ಟ ಪೆನ್‌ಡ್ರೈವನ್ನು ಕೀಳಿರಿ. ಹಾರ್ಡ್ ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಮಾತ್ರ ಆ ಕ್ಷಣವೇ ಯಂತ್ರವನ್ನು ಆರಿಸತಕ್ಕದ್ದು; ಮತ್ತೆ ಮತ್ತೆ ಎಬ್ಬಿಸಿದಷ್ಟೂ ಡಿಸ್ಕಿಗೆ ಹಾನಿಯೇ. ಇನ್ನು ಅಂಗಡಿಗೆ ಒಯ್ದಾಗ, "ಫಾರ್ಮ್ಯಾಟ್ ಮಾಡಿಕೊಡುತ್ತೇವೆ" ಎಂಬ ಮಾತಿಗೆ ಒಡನೆ ತಲೆಯಾಡಿಸಬೇಡಿರಿ. ಅದು ಹಲಗೆಯನ್ನು ಒರಸಿದಂತೆ. ಡಿಸ್ಕನ್ನು ಕಳಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಚಿತ್ರಗಳನ್ನೂ ಲೆಕ್ಕಗಳನ್ನೂ ಮೊದಲು ನಕಲು ಮಾಡಿಕೊಡುವಂತೆ ಕೇಳಿ, ಆ ಬಳಿಕವೇ ದುರಸ್ತಿಗೆ ಒಪ್ಪಿಗೆ ಕೊಡಿರಿ.