ಒಬ್ಬಳೇ ಹೋಗಿದ್ಯಾ?

ಡಾರ್ಕಿಂಗ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕೈಗಂಟಿದ ಚೈನಿನ ಗ್ರೀಸು ಒರೆಸಿಕೊಳ್ಳುತ್ತಿದ್ದಾಗ ಊರಿಂದ ಅಮ್ಮನ ಫೋನು ಬಂತು. ಇಂಗ್ಲೆಂಡಿನ ಸರ್ರಿ ಕೌಂಟಿಯ ಗುಡ್ಡ, ಹಳ್ಳಿ, ಬೇಲಿಸಾಲು ಎಲ್ಲದರ ವರದಿ ಒಪ್ಪಿಸಿದೆ. ಅವಳು ಕೇಳಿದ್ದು ಒಂದೇ: “ಒಬ್ಬಳೇ ಹೋಗಿದ್ಯಾ?” ಹೂಂ ಅಂದೆ, ಸ್ವಲ್ಪ ಜಂಬದಿಂದಲೇ. ರೈಲು ಹತ್ತಿದ ಮೇಲೆ ಆ ಹೂಂ ಎಷ್ಟು ನಿಜ ಎಂಬ ಅನುಮಾನ ಶುರುವಾಯಿತು.

ಒಂಟಿ ಸೈಕಲ್ ಪ್ರವಾಸಕ್ಕೆ ಒಂದು ಸಿದ್ಧ ಸ್ತೋತ್ರವಿದೆ: ತನ್ನ ಕಾಲು, ತನ್ನ ಪಂಪು, ತನ್ನ ಬುತ್ತಿ, ಯಾರ ಹಂಗೂ ಇಲ್ಲ. ಈ ‘ಹಂಗಿಲ್ಲ’ ಎಂಬುದನ್ನೇ ನಾನು ಒಪ್ಪಲಾರೆ. ವೋಕಿಂಗ್‌ನಿಂದ ಡಾರ್ಕಿಂಗ್‌ವರೆಗೆ ತುಳಿದ 40 ಚಿಲ್ಲರೆ ಕಿಲೋಮೀಟರಿನಲ್ಲಿ ಹಂಗಿಲ್ಲದ ಒಂದು ಫರ್ಲಾಂಗೂ ನನಗೆ ಸಿಗಲಿಲ್ಲ.

ವೋಕಿಂಗ್ ದಾಟಿದರೆ ರಿಪ್ಲಿ. 1880ರ ದಶಕದಲ್ಲಿ ಲಂಡನ್ನಿನ ಸೈಕಲ್ ಸವಾರರು ರಜೆ ಬಂತೆಂದರೆ ಇಲ್ಲಿನ ಆ್ಯಂಕರ್ ಎಂಬ ಹಳೆಯ ಪಬ್ಬಿನ ಮುಂದೆ ಜಾತ್ರೆ ನೆರೆಯುತ್ತಿದ್ದರು. ಅವರಲ್ಲಿ ಅನೇಕರಿಗೆ ಬೆನ್ನೆಲುಬಾಗಿದ್ದದ್ದು 1878ರಲ್ಲಿ ಹ್ಯಾರೊಗೇಟ್‌ನಲ್ಲಿ ಹುಟ್ಟಿದ ಸೈಕಲ್ ಪ್ರವಾಸಿಗರ ಕ್ಲಬ್ಬು. ಊರೂರಿನ ವಸತಿಗೃಹಗಳ ಜೊತೆ ದರ ಮಾತಾಡಿ, ಗೋಡೆಗೆ ರೆಕ್ಕೆ ಮೂಡಿದ ಚಕ್ರದ ಫಲಕ ಹೊಡೆಸಿದವರು, ಕಡಿದಾದ ಇಳಿಜಾರಿನ ನೆತ್ತಿಯಲ್ಲಿ ಎಚ್ಚರಿಕೆಯ ಬೋರ್ಡು ನೆಟ್ಟವರು ಇವರೇ. ಕಾರು ಕಾಣಿಸಿಕೊಳ್ಳುವ ಮೊದಲೇ ಒಳ್ಳೆಯ ರಸ್ತೆ ಬೇಕೆಂದು ಗಲಾಟೆ ಎಬ್ಬಿಸಿದ್ದೂ ಸೈಕಲ್ಲಿನವರೇ. 1888ರ ಸ್ಥಳೀಯ ಆಡಳಿತ ಕಾಯ್ದೆ ಸೈಕಲ್ಲೂ ಒಂದು ಗಾಡಿಯೇ ಎಂದು ಘೋಷಿಸಿದ ಮೇಲೆ ರಸ್ತೆಯ ಮೇಲೆ ಅದಕ್ಕೊಂದು ಹಕ್ಕು ಬಂತು.

ರಿಪ್ಲಿಯಿಂದ ತುಸು ದೂರದ ಆಕಮ್ ಹಳ್ಳಿಯಲ್ಲಿ ನಾನು ಬೇಕೆಂದೇ ಸೈಕಲ್ ಇಳಿದೆ. 1898ರ ಅಕ್ಟೋಬರಿನಲ್ಲಿ ಲೇಡಿ ಹಾರ್ಬರ್ಟನ್ ಎಂಬಾಕೆ ಸೈಕಲ್ ತುಳಿದುಕೊಂಡು ಇಲ್ಲಿನ ಹೋಬಾಯ್ ಹೋಟೆಲಿಗೆ ಬಂದು ಊಟ ಕೇಳಿದಳು. ಉಟ್ಟದ್ದು ಲಂಗವಲ್ಲ, ಮೊಣಕಾಲಿನ ಕೆಳಗೆ ಬಿಗಿಯುವ ಸಡಿಲ ಷರಾಯಿ. ಈ ವೇಷದವರಿಗೆ ಕಾಫಿ ಕೋಣೆಯಲ್ಲಿ ಜಾಗವಿಲ್ಲ, ಬೇಕಾದರೆ ಬಾರಿನ ಪಕ್ಕದ ಕೋಣೆಗೆ ಹೋಗಿ ಎಂದಳು ಒಡತಿ. ಕ್ಲಬ್ಬು ಕೋರ್ಟಿಗೆ ಹೋಯಿತು. 1899ರಲ್ಲಿ ಸೋತಿತು: ಬೇರೆ ಕೋಣೆಯಲ್ಲಿ ಬಡಿಸುತ್ತೇನೆಂದ ಮೇಲೆ ಊಟ ನಿರಾಕರಿಸಿದಂತೆ ಹೇಗಾಯಿತು ಎಂಬುದು ಎದುರಾಳಿಯ ವಾದ. ಕೇಸು ಸೋತರೂ ಸುದ್ದಿ ದೇಶವೆಲ್ಲ ಹಬ್ಬಿತು. ಬಿಗಿ ಚಡ್ಡಿ, ಬೆವರಿದ ಅಂಗಿಯಲ್ಲೇ ಶಿಯರ್ ಹಳ್ಳಿಯ ಚಹಾದಂಗಡಿಗೆ ನುಗ್ಗಿ ಸ್ಕೋನು, ಜ್ಯಾಮು ಕೇಳಿದಾಗ ನನ್ನನ್ನು ಯಾರೂ ತಲೆಯೆತ್ತಿ ನೋಡಲಿಲ್ಲ. ಈ ಉಪೇಕ್ಷೆ ಪುಕ್ಕಟೆ ಬಂದದ್ದಲ್ಲ.

ಇನ್ನು ಕೈಯಲ್ಲಿದ್ದ ನಕ್ಷೆ. ಆರ್ಡ್ನೆನ್ಸ್ ಸರ್ವೆಯವರ ಈ ಹಾಳೆಯಲ್ಲಿ ಸಾರ್ವಜನಿಕ ಹಾದಿಗಳಿಗೆ ಹಸಿರು ಗೆರೆ. ಗಿಡ್ಡ ತುಂಡುಗಳಾದರೆ ಕಾಲ್ನಡಿಗೆಗೆ ಮಾತ್ರ; ಉದ್ದ ತುಂಡುಗಳಾದರೆ ಕುದುರೆ ಹೋಗುವ ಬ್ರೈಡಲ್‌ವೇ, 1968ರ ಕಾಯ್ದೆಯಿಂದೀಚೆಗೆ ಸೈಕಲ್ಲಿಗೂ ತೆರೆದದ್ದು. ಯಾರದೋ ಹೊಲದ ನಡುವೆ ಈ ಗೆರೆ ಹಾದಿದ್ದರೆ ಮಾಲೀಕ ತಡೆಯುವಂತಿಲ್ಲ. ನಡೆದಾಡುವ ಹಕ್ಕು ಬೇಕೆಂದು 1932ರಲ್ಲಿ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನುಗ್ಗಿದವರಲ್ಲಿ ಐವರು ಜೈಲು ಕಂಡರು; ಪ್ರತಿಯೊಂದು ಹಾದಿಯನ್ನೂ ಅಧಿಕೃತ ನಕ್ಷೆಯಲ್ಲಿ ದಾಖಲಿಸಬೇಕೆಂಬ ಕಾನೂನು ಬಂದದ್ದು 1949ರಲ್ಲಿ. ಆರ್ಡ್ನೆನ್ಸ್ ಸರ್ವೆ 1791ರಲ್ಲಿ ಹುಟ್ಟಿದ್ದು ಸೈನ್ಯಕ್ಕಾಗಿ. ಅದೇ ಬಗೆಯ ಅಳತೆಯನ್ನು ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ 1800ರಲ್ಲಿ ನಮ್ಮ ಬೆಂಗಳೂರಿನ ಬಳಿ ಶುರುಮಾಡಿದ್ದ. ಇಂಗ್ಲೆಂಡಿನ ನಕ್ಷೆ ಪುಸ್ತಕದಂಗಡಿಗೆ ಬಂತು. ನಮ್ಮಲ್ಲಿ ಗಡಿ, ಕರಾವಳಿಗಳ ವಿವರ ನಕ್ಷೆಗಳು ಬಹುಕಾಲ ಬೀರುವಿನಲ್ಲೇ ಉಳಿದವು. ನಿಯಮ ಚೆನ್ನಾಗಿ ಸಡಿಲಾದದ್ದು 2021ರಲ್ಲಿ.

ಆ್ಯಬಿಂಜರ್ ಹ್ಯಾಮರ್‌ನಲ್ಲಿ ರಸ್ತೆಯ ಮೇಲೆ ಚಾಚಿಕೊಂಡ ಗಡಿಯಾರವೊಂದಿದೆ. ಅದರಲ್ಲಿ ಕಮ್ಮಾರನ ಬೊಂಬೆ ಸುತ್ತಿಗೆಯಿಂದ ಗಂಟೆ ಬಾರಿಸುತ್ತದೆ. ಉದಾರ ಮನಸ್ಸಿನ ಲೇಖಕ ಇ. ಎಂ. ಫಾರ್‌ಸ್ಟರ್ ಬಹುಕಾಲ ಬಾಳಿದ್ದು ಈ ಊರಲ್ಲಿ. ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯ ದುಡ್ಡಿನಲ್ಲಿ ಅವನು ಇಲ್ಲೊಂದು ಚಿಕ್ಕ ಕಾಡು ಕೊಂಡ. ಆಸ್ತಿ ಮನುಷ್ಯನನ್ನು ಏನು ಮಾಡುತ್ತದೆ ಎಂದು ತನ್ನನ್ನೇ ಗೇಲಿ ಮಾಡಿಕೊಂಡು ಪ್ರಬಂಧವನ್ನೂ ಬರೆದ: ಕಾಡಿನ ನಡುವೆ ಸಾರ್ವಜನಿಕ ಕಾಲುದಾರಿ ಇದ್ದದ್ದೂ, ಜನ ಬಂದು ಕಾಡುಹಣ್ಣು ಕಿತ್ತುಕೊಂಡು ಹೋಗುತ್ತಿದ್ದದ್ದೂ ಆ ಉದಾರಿಗೂ ಕಿರಿಕಿರಿಯಾಗಿತ್ತಂತೆ. ಅಂಥವನಿಗೇ ಹಾಗೆನಿಸಿದರೆ ದಾರಿಯನ್ನು ಮಾಲೀಕರ ಔದಾರ್ಯಕ್ಕೆ ಬಿಡಬಾರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆ ಕಾಡು ಈಗ ನ್ಯಾಷನಲ್ ಟ್ರಸ್ಟಿನದು.

ಹಾಗಾದರೆ ಒಂಟಿ ಸವಾರಿಯ ಸುಖವೇ ಸುಳ್ಳೇ? ಖಂಡಿತ ಅಲ್ಲ. ಲೀತ್ ಹಿಲ್ ಏರಿನಲ್ಲಿ ತೊಡೆ ಉರಿದದ್ದು ನನ್ನದೇ. ಸರ್ರಿಯಲ್ಲೆಲ್ಲ ಎತ್ತರದ ಈ ಗುಡ್ಡ 294 ಮೀಟರು. ನಮ್ಮ ಬೆಂಗಳೂರು ಮಲಗಿರುವುದೇ ಇದರ ಮೂರು ಪಟ್ಟು ಎತ್ತರದಲ್ಲಿ. ಆದರೂ ಕೊನೆಗೆ ಇಳಿದು ತಳ್ಳಿದೆ, ನಾಚಿಕೆಪಡಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಧೈರ್ಯವಿದ್ದವರು ಎಲ್ಲಿ ಬೇಕಾದರೂ ಒಬ್ಬರೇ ಹೋಗುತ್ತಾರೆ, ಕ್ಲಬ್ಬು ಕಾನೂನು ಯಾಕೆ ಎನ್ನುವವರಿದ್ದಾರೆ. ಧೈರ್ಯವಿದ್ದರಷ್ಟೇ ಹೋಗಬಹುದಾದ ದಾರಿಯನ್ನು ಮುಕ್ತ ದಾರಿ ಎನ್ನುವುದಾದರೂ ಹೇಗೆ? ನಾನು ಅಂಜುಬುರುಕಿ. ನನ್ನಂಥವಳೂ ಬೆಳಿಗ್ಗೆ ಹೊರಟು ಸಂಜೆಗೆ ಮುಟ್ಟಬಹುದೆಂಬುದೇ ಆ ದಾರಿಯ ಹೆಚ್ಚುಗಾರಿಕೆ.

ಹಾಗೆಂದು ಇಂಗ್ಲೆಂಡು ಸೈಕಲ್ಲಿನವರ ಸ್ವರ್ಗವೂ ಅಲ್ಲ. ಕಾಲ್ನಡಿಗೆಯ ಹಾದಿಗಳಲ್ಲಿ ನಮಗೆ ಹಕ್ಕಿಲ್ಲ. ನಡೆದಾದರೂ ಮನಸೋಇಚ್ಛೆ ಅಲೆಯುವ ಕಾನೂನಿನ ಹಕ್ಕಿರುವುದು ದೇಶದ ಸುಮಾರು ನೂರಕ್ಕೆ ಎಂಟು ಭಾಗ ನೆಲದಲ್ಲಿ ಮಾತ್ರ. ಎರಡು ಕಡೆ ಬೇಲಿ ಬೆಳೆದು ಒಂದು ಕಾರಷ್ಟೇ ಹಿಡಿಯುವ ಹಳ್ಳಿ ಓಣಿಯಲ್ಲೂ, ಬೇರೆ ಬೋರ್ಡಿಲ್ಲದಿದ್ದರೆ, ವೇಗದ ಮಿತಿ ಗಂಟೆಗೆ 60 ಮೈಲಿ! ತಿರುವಿನಲ್ಲಿ ಕಾರಿನ ಸದ್ದು ಕೇಳಿದಾಗ ಒಂಟಿತನದ ಸೊಗಸೆಲ್ಲ ಇಳಿದುಹೋಗುತ್ತದೆ. ಈ ಮಿತಿ ಇಳಿಯಲೇಬೇಕು. ಇಳಿಸುವುದಕ್ಕೂ ಮತ್ತೆ ಗುಂಪೇ ಬೇಕು.

ಹೋಂಬರಿ ಸೇಂಟ್ ಮೇರಿಯ ಹತ್ತಿರ ಬ್ರೈಡಲ್‌ವೇಗೆ ಅಡ್ಡಲಾಗಿ ಮರವೊಂದು ಬಿದ್ದಿತ್ತು. ಸೈಕಲ್ ಹೊತ್ತು ದಾಟುವ ಮೊದಲು ಫೋಟೊ ತೆಗೆದಿದ್ದೆ. ಅದನ್ನು ಮಾರ್ಕ್ ಮಾಡಿದ ನಕ್ಷೆಯ ಜೊತೆ ರೈಲಿನಲ್ಲೇ ಕೌಂಟಿ ಕೌನ್ಸಿಲ್‌ಗೆ ಕಳಿಸಿದೆ.